ಡ್ಯಾನ್ಸರ್‌ಗಳ ಪ್ರೇಮಕಥೆ ಬರೆಯುವುದು ಹೇಗೆ: ಗೇ ಪ್ರೇಮಕಥೆಗಳೂ ಸೇರಿದಂತೆ ಒಂದು ಸಮಗ್ರ ಮಾರ್ಗದರ್ಶಿ

ಡ್ಯಾನ್ಸರ್‌ಗಳ ಬಗ್ಗೆ ಪ್ರೇಮಕಥೆ ಬರೆಯುವವರು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಎಡವುತ್ತಾರೆ. ನೃತ್ಯದ ದೃಶ್ಯ ಬಂದ ಕೂಡಲೇ ಕಥೆ ನಿಂತುಬಿಡುತ್ತದೆ. ಅಲ್ಲಿವರೆಗೆ ಮಾತಾಡುತ್ತ, ಮುನಿಸಿಕೊಳ್ಳುತ್ತ, ಸುಳ್ಳು ಹೇಳುತ್ತ ಇದ್ದ ಇಬ್ಬರು ಮನುಷ್ಯರು ಮಾಯ. ಅವರ ಜಾಗದಲ್ಲಿ "ನವಿಲಿನಂತೆ ಕುಣಿದಳು", "ಮಿಂಚಿನಂತೆ ತಿರುಗಿದ", "ಇಬ್ಬರೂ ಜಗತ್ತನ್ನೇ ಮರೆತರು". ಆ ಪುಟ ಕಿತ್ತುಹಾಕಿ ಓದಿದರೂ ಕಥೆಗೆ ಏನೂ ಆಗುವುದಿಲ್ಲ. ಇಬ್ಬರನ್ನೂ ಬ್ಯಾಂಕ್ ನೌಕರರನ್ನಾಗಿ ಮಾಡಿದರೂ ಅದೇ ಕಥೆ ನಡೆಯುತ್ತದೆ ಅಂದಮೇಲೆ ಡ್ಯಾನ್ಸ್ ಯಾಕೆ ಬೇಕಿತ್ತು, ಅಲ್ವಾ?

ಹಾಗಾಗಿ ಇಡೀ ಕೆಲಸಕ್ಕೆ ಒಂದೇ ಪರೀಕ್ಷೆ ಇಟ್ಟುಕೊಳ್ಳಿ. ಡ್ಯಾನ್ಸ್ ಶುರುವಾಗುವಾಗ ಇಬ್ಬರ ನಡುವೆ ಇದ್ದ ಸ್ಥಿತಿ, ಅದು ಮುಗಿಯುವಾಗ ಹಾಗೇ ಉಳಿದಿರಬಾರದು. ಏನೋ ಒಂದು ಗೊತ್ತಾಗಿರಬೇಕು, ಮುರಿದಿರಬೇಕು, ಇಲ್ಲ ಒಪ್ಪಿಗೆಯಾಗಿರಬೇಕು. ಕೆಳಗಿನ ಹಂತಗಳೆಲ್ಲ ಇದಕ್ಕೋಸ್ಕರವೇ ಇವೆ. ಕ್ರಮ ತಪ್ಪಿಸಬೇಡಿ. ಮೊದಲು ಪ್ರೇಮಕಥೆ ಬರೆದು ಆಮೇಲೆ ಡ್ಯಾನ್ಸ್ ತುಂಬಿಸೋಣ ಅಂದುಕೊಂಡರೆ ಅದು ಯಾವತ್ತೂ ಕೂಡಿಕೊಳ್ಳುವುದಿಲ್ಲ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್. ವಿಡಿಯೊವನ್ನು ಕಾಲು ವೇಗದಲ್ಲಿ ಓಡಿಸಲು ಬರುವ ಫೋನ್. ತಾಳದ ಬಡಿತ ಹಾಕಿಕೊಡುವ ಒಂದು ಮೆಟ್ರೊನೋಮ್ ಆ್ಯಪ್. ಒಂದು ಸ್ಟಾಪ್‌ವಾಚ್. ನೆಲಕ್ಕೆ ಅಂಟಿಸಲು ಒಂದಿಷ್ಟು ಟೇಪ್. ಇಷ್ಟೇ.

ವಿಡಿಯೊ ನೋಡುವಾಗ ಪ್ರದರ್ಶನಕ್ಕಿಂತ ಅಭ್ಯಾಸದ ವಿಡಿಯೊಗಳನ್ನು ಜಾಸ್ತಿ ನೋಡಿ. ಪ್ರದರ್ಶನದಲ್ಲಿ ಎಲ್ಲ ಸುಲಭವಾಗಿ ಕಾಣುತ್ತದೆ, ಹಾಗೆ ಕಾಣಿಸುವುದೇ ಡ್ಯಾನ್ಸರ್ ಕೆಲಸ. ಅಭ್ಯಾಸದಲ್ಲಿ ತಪ್ಪು, ಉಸಿರು, ಬೇಸರ, "ಮತ್ತೊಂದು ಸಲ" ಎಲ್ಲ ಕಾಣುತ್ತದೆ. ಪ್ರೇಮ ಹುಟ್ಟುವುದೂ ಅಲ್ಲೇ. ಮೊದಲ ಸಲ ಸದ್ದು ಮುಚ್ಚಿ ನೋಡಿ. ಎರಡನೇ ಸಲ ಕಣ್ಣು ಮುಚ್ಚಿ ಬರೀ ಸದ್ದು ಕೇಳಿ, ಪಾದ ನೆಲಕ್ಕೆ ಬೀಳುವುದು, ಗೆಜ್ಜೆ, ಎಣಿಕೆ, ಯಾರೋ ಕೆಮ್ಮುವುದು. ನೋಟ್‌ಬುಕ್‌ನಲ್ಲಿ ಸದ್ದಿಗೇ ಒಂದು ಪುಟ ಬಿಡಿ.

## ಹಂತ 1: ಮೊದಲು ನೃತ್ಯ ಪ್ರಕಾರ ಆರಿಸಿ, ಆಮೇಲೆ ಪಾತ್ರಗಳು

"ಆಕೆ ಡ್ಯಾನ್ಸರ್" ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. ಯಾವ ಡ್ಯಾನ್ಸ್ ಅನ್ನುವುದೇ ಪ್ರೇಮಕಥೆಯ ಆಕಾರವನ್ನು ತೀರ್ಮಾನ ಮಾಡುತ್ತದೆ.

ಬ್ಯಾಲೆಯಲ್ಲಿ ಜೋಡಿ ನೃತ್ಯಕ್ಕೆ ಒಂದು ಕ್ರಮ ಇದೆ. ಇಬ್ಬರೂ ಒಟ್ಟಿಗೆ ಬರುತ್ತಾರೆ, ನಿಧಾನದ ಭಾಗ ಮಾಡುತ್ತಾರೆ, ಆಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಭಾಗ, ಕೊನೆಗೆ ಮತ್ತೆ ಒಟ್ಟಿಗೆ ವೇಗದ ಮುಗಿತಾಯ. ಹತ್ತಿರ ಬಂದು, ಬೇರೆಯಾಗಿ, ಮತ್ತೆ ಸೇರುವ ಕಥೆ ಅಲ್ಲೇ ತಯಾರಿದೆ. ಜೊತೆಗೆ ಬ್ಯಾಲೆ ಕಂಪನಿಯಲ್ಲಿ ದರ್ಜೆಗಳಿವೆ. ಗುಂಪಿನಲ್ಲಿ ಕುಣಿಯುವವರು, ಸೋಲೊ ಸಿಗುವವರು, ಮುಖ್ಯ ಡ್ಯಾನ್ಸರ್‌ಗಳು. ಪ್ರೇಮಿಗಳಲ್ಲಿ ಒಬ್ಬರಿಗೆ ಬಡ್ತಿ ಸಿಕ್ಕಿ ಇನ್ನೊಬ್ಬರು ಗುಂಪಿನಲ್ಲೇ ಉಳಿದರೆ ಅರ್ಧ ಕಾದಂಬರಿ ಬಂದಹಾಗೆ.

ಬಾಲ್‌ರೂಮ್ ಮತ್ತು ಟ್ಯಾಂಗೊ ಪೂರ್ತಿ ನಿಂತಿರುವುದು ಲೀಡ್ ಮತ್ತು ಫಾಲೊ ಮೇಲೆ. ಯಾರು ಸೂಚನೆ ಕೊಡುತ್ತಾರೆ, ಯಾರು ಓದಿಕೊಳ್ಳುತ್ತಾರೆ ಅನ್ನುವುದು. ಸ್ಪರ್ಧೆಯಲ್ಲಿ ಒಂದು ನೃತ್ಯ ಸುಮಾರು ಒಂದೂವರೆಯಿಂದ ಎರಡು ನಿಮಿಷ, ಅಷ್ಟರಲ್ಲೇ ಎಲ್ಲ ಆಗಿಬಿಡಬೇಕು. ವಾಲ್ಟ್ಸ್ ಮೂರೆಣಿಕೆಯದು, ಮೂರು ಎಣಿಕೆ ಸೇರಿ ಒಂದು ಆವರ್ತ, ಸ್ಪರ್ಧೆಯಲ್ಲಿ ನಿಮಿಷಕ್ಕೆ 28ರಿಂದ 30 ಆವರ್ತ. ಮೆಟ್ರೊನೋಮ್ ಅನ್ನು ನಿಮಿಷಕ್ಕೆ 90 ಬಡಿತಕ್ಕೆ ಇಟ್ಟು ಒಂದು-ಎರಡು-ಮೂರು ಅಂತ ನಡೆದು ನೋಡಿ, ಆ ವೇಗದಲ್ಲಿ ಎಷ್ಟು ಯೋಚನೆ ಮಾಡಬಹುದು ಅಂತ ಗೊತ್ತಾಗುತ್ತದೆ.

ಭರತನಾಟ್ಯ ಬಹಳ ಮಟ್ಟಿಗೆ ಏಕವ್ಯಕ್ತಿ ನೃತ್ಯ. ಅದರ ಮುಖ್ಯ, ಉದ್ದದ ನೃತ್ಯವಾದ ವರ್ಣ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಅಲ್ಲಿ ಪ್ರಿಯಕರ ವೇದಿಕೆ ಮೇಲೆ ಇರುವುದೇ ಇಲ್ಲ. ನಾಯಿಕೆ ಅವನಿಗಾಗಿ ಕಾಯುತ್ತಾಳೆ, ಸಖಿಯ ಹತ್ತಿರ ಹೇಳಿಕೊಳ್ಳುತ್ತಾಳೆ. ಎದುರಿಗೆ ಇಲ್ಲದವರನ್ನು ಪ್ರೀತಿಸುವ ಕಥೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇದರ ಬಗ್ಗೆ ಹಂತ 4ರಲ್ಲಿ ಇನ್ನೊಂದು ಮಾತಿದೆ.

ಸಾಮಾನ್ಯ ತಪ್ಪು: ಎರಡು ಮೂರು ಪ್ರಕಾರ ಬೆರೆಸಿ "ಫ್ಯೂಷನ್" ಅಂತ ಹೇಳಿ ತಪ್ಪಿಸಿಕೊಳ್ಳುವುದು. ನಿಮಗೆ ಯಾವುದೂ ಸರಿಯಾಗಿ ಗೊತ್ತಿಲ್ಲ ಅಂತ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ. ಒಂದೇ ಆರಿಸಿ, ಅದನ್ನು ಚೆನ್ನಾಗಿ ತಿಳಿದುಕೊಳ್ಳಿ.

## ಹಂತ 2: ಇಬ್ಬರ ಮೈ ಬಗ್ಗೆ ಬರೆದಿಟ್ಟುಕೊಳ್ಳಿ

ಕಣ್ಣು ಹೇಗಿದೆ, ಕೂದಲು ಹೇಗಿದೆ ಅಂತ ಎಲ್ಲರೂ ಬರೆಯುತ್ತಾರೆ. ಡ್ಯಾನ್ಸರ್‌ಗೆ ಅದು ಸಾಲದು. ಒಬ್ಬೊಬ್ಬರಿಗೂ ಒಂದು ಪುಟ ಕೊಟ್ಟು ಇವಕ್ಕೆ ಉತ್ತರ ಬರೆಯಿರಿ. ಯಾವ ಕಾಲು ಬಲವಾಗಿದೆ? ಯಾವ ಕಡೆಗೆ ತಿರುಗುವುದು ಕಷ್ಟ? ಹಳೆಯ ನೋವು ಎಲ್ಲಿದೆ, ಯಾವ ಹವೆಯಲ್ಲಿ ಮರುಕಳಿಸುತ್ತದೆ? ಹೆದರಿದಾಗ ಮೈಯ ಯಾವ ಭಾಗ ಬಿಗಿಯಾಗುತ್ತದೆ? ಬೆವರಿದ ಕೈಯನ್ನು ಎಲ್ಲಿ ಒರೆಸಿಕೊಳ್ಳುತ್ತಾರೆ?

ಕೊನೆಯದು ಸಣ್ಣದು ಅನ್ನಿಸಬಹುದು, ಅಲ್ಲ. ಜೊತೆಗಾರರಿಗೆ ಇದೆಲ್ಲ ಗೊತ್ತಿರುತ್ತದೆ. ಎಡಕ್ಕೆ ತಿರುಗುವ ಮುಂಚೆ ಅವಳು ಗಲ್ಲ ಎತ್ತುತ್ತಾಳೆ ಅಂತ ಅವನಿಗೆ ಗೊತ್ತು, ಅವಳ ತಾಯಿಗೂ ಗೊತ್ತಿಲ್ಲದ ಸಂಗತಿ ಅದು. ಡ್ಯಾನ್ಸರ್‌ಗಳ ಪ್ರೇಮಕ್ಕೆ ಇರುವ ದೊಡ್ಡ ಬಂಡವಾಳ ಇದೇ, ಪ್ರೀತಿ ಹೇಳಿಕೊಳ್ಳುವ ಎಷ್ಟೋ ಮೊದಲೇ ಒಬ್ಬರ ಮೈ ಇನ್ನೊಬ್ಬರಿಗೆ ಬಾಯಿಪಾಠ ಆಗಿರುತ್ತದೆ.

ಎಚ್ಚರಿಕೆ: ಮುಟ್ಟಿದ ಕೂಡಲೇ "ಮೈಯಲ್ಲಿ ವಿದ್ಯುತ್ ಹರಿಯಿತು" ಅಂತ ಬರೆಯಬೇಡಿ. ಇವರು ದಿನಕ್ಕೆ ನೂರು ಸಲ ಇನ್ನೊಬ್ಬರನ್ನು ಮುಟ್ಟುವವರು. ಸೊಂಟ ಹಿಡಿಯುವುದು ಅವರಿಗೆ ಕೆಲಸ. ಅವರ ಪ್ರಪಂಚದಲ್ಲಿ ಬೆಚ್ಚಿಬೀಳಿಸುವುದು ಬೇರೆ. ಎಣಿಕೆ ಮುಗಿದ ಮೇಲೂ ಕೈ ತೆಗೆಯದೇ ಇರುವುದು, ಅಭ್ಯಾಸ ಇಲ್ಲದ ಹೊತ್ತಿನಲ್ಲಿ ಭುಜ ಮುಟ್ಟುವುದು, ಅಥವಾ ದಿನಾ ಮುಟ್ಟುತ್ತಿದ್ದವರು ಒಂದು ದಿನ ಮುಟ್ಟಲು ಹಿಂಜರಿಯುವುದು.

## ಹಂತ 3: ದಿನಚರಿ ಮತ್ತು ಗಡುವು ಹಾಕಿ

ದಿನದ ಬಹುಪಾಲು ಅಭ್ಯಾಸದಲ್ಲೇ ಹೋಗುತ್ತದೆ. ಬ್ಯಾಲೆಯವರ ದಿನ ಗೋಡೆ ಪಕ್ಕದ ಅಡ್ಡಕಂಬಿ (ಬಾರ್) ಹಿಡಿದು ಮಂಡಿ ಬಗ್ಗಿಸುವ ಪ್ಲಿಯೇಯಿಂದ ಶುರು, ಎಷ್ಟೇ ದೊಡ್ಡ ಡ್ಯಾನ್ಸರ್ ಆದರೂ. ಭರತನಾಟ್ಯದವರು ಅರೆಮಂಡಿಯಲ್ಲಿ, ಅಂದರೆ ಮಂಡಿ ಅರ್ಧ ಬಗ್ಗಿಸಿ, ಅಡವು ಅನ್ನುವ ಮೂಲ ಹೆಜ್ಜೆಗಳನ್ನು ಮೂರು ಕಾಲದಲ್ಲಿ (ಮೂರು ವೇಗದಲ್ಲಿ) ಮಾಡುತ್ತಾರೆ. ವೇದಿಕೆ ಅಭ್ಯಾಸದ ದಿನ ಲೈಟಿನವರಿಗಾಗಿ ಒಂದೇ ಜಾಗದಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಆ ನಿಂತಿರುವ ಹೊತ್ತು ಕಥೆಗಾರರಿಗೆ ಬಂಗಾರ. ಇಬ್ಬರು ಪಕ್ಕಪಕ್ಕ ಇದ್ದಾರೆ, ಅಲ್ಲಾಡುವ ಹಾಗಿಲ್ಲ, ಮಾಡಲು ಬೇರೆ ಕೆಲಸವಿಲ್ಲ.

ಇನ್ನೊಂದು ಸಂಗತಿ ಗೊತ್ತಿರಲಿ, ಅದನ್ನು ಮಾರ್ಕ್ ಮಾಡುವುದು ಅಂತಾರೆ. ಶಕ್ತಿ ಉಳಿಸಲು ಪೂರ್ತಿ ಕುಣಿಯದೆ ಬರೀ ಕೈ, ಬೆರಳು, ಸಣ್ಣ ತಲೆಯಾಟದಲ್ಲೇ ಇಡೀ ನೃತ್ಯ ಹಾಕಿ ಮುಗಿಸುವುದು. ಪ್ರಯಾಣದಲ್ಲಿ ಅಕ್ಕಪಕ್ಕ ಕೂತ ಇಬ್ಬರು ಒಂದೇ ಇಯರ್‌ಫೋನಿನಲ್ಲಿ ಹಾಡು ಕೇಳುತ್ತ ಬೆರಳಲ್ಲೇ ಜೋಡಿ ನೃತ್ಯ ಮಾರ್ಕ್ ಮಾಡುವ ದೃಶ್ಯ ಬರೆದು ನೋಡಿ. ಅದರಲ್ಲಿ ಇರುವ ಆಪ್ತತೆ ದೊಡ್ಡ ವೇದಿಕೆ ದೃಶ್ಯದಲ್ಲೂ ಸಿಗುವುದಿಲ್ಲ.

ಆಮೇಲೆ ಗಡುವು. ಪ್ರದರ್ಶನ, ಸ್ಪರ್ಧೆ, ಆಡಿಷನ್, ಯಾವುದಾದರೂ ಒಂದು ದಿನಾಂಕ ಇರಲಿ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಹಿಂದಕ್ಕೆ ಎಣಿಸಿ, ಯಾವ ವಾರ ನೃತ್ಯ ಕಲಿತರು, ಯಾವ ವಾರ ಜಗಳ, ಯಾವ ವಾರ ಉಡುಪು ಬಂತು ಅಂತ. ಇದು ಇಲ್ಲದೆ ಬರೆದ ಕಥೆಗಳಲ್ಲಿ ಜನ ಸೋಮವಾರ ಭೇಟಿಯಾಗಿ ಶನಿವಾರ ಅಂತರರಾಷ್ಟ್ರೀಯ ಸ್ಪರ್ಧೆ ಗೆದ್ದುಬಿಡುತ್ತಾರೆ.

## ಹಂತ 4: ಗೇ ಪ್ರೇಮಕಥೆಯಾದರೆ ಇಲ್ಲಿ ನಿಧಾನವಾಗಿ ಹೋಗಿ

ಇಲ್ಲಿ ಆಗುವ ದೊಡ್ಡ ತಪ್ಪು, ಗಂಡು-ಹೆಣ್ಣಿನ ಕಥೆಯನ್ನೇ ಬರೆದು ಒಂದು ಹೆಸರು ಬದಲಿಸುವುದು. ಒಬ್ಬ ಗಟ್ಟಿಗ, ಎತ್ತುವವನು. ಇನ್ನೊಬ್ಬ ನಾಜೂಕು, ನಾಚುವವನು. ಮೃದುವಾದ ಲಾಸ್ಯ ಚೆನ್ನಾಗಿ ಮಾಡುವವನು ಗೇ, ಬಿರುಸಿನ ತಾಂಡವ ಮಾಡುವವನು ಅಲ್ಲ ಅನ್ನುವ ಹಾಗೆ. ದಯವಿಟ್ಟು ಬೇಡ. ಡ್ಯಾನ್ಸರ್ ಮೈಯ ಚಲನೆ ಕಲಿತದ್ದು. ಅದು ಅವನು ಯಾರನ್ನು ಪ್ರೀತಿಸುತ್ತಾನೆ ಅಂತ ಹೇಳುವುದಿಲ್ಲ. ಹಾಗೇ ಗಂಡು ಡ್ಯಾನ್ಸರ್‌ಗಳೆಲ್ಲ ಗೇ ಅನ್ನುವ ಊಹೆಯನ್ನೂ ಕಥೆ ಒಪ್ಪಿಕೊಳ್ಳಬಾರದು. ಆ ಊಹೆಯಿಂದ ಕಿರಿಕಿರಿಯಾದ ಪಾತ್ರ ಬೇಕಾದರೆ ಇರಲಿ.

ಈ ಕಥೆಗಳಿಗೆ ಸಿಗುವ ನಿಜವಾದ ಅವಕಾಶ ಬೇರೆ ಇದೆ. ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು ಜೋಡಿಯಾಗಿ ಕುಣಿಯುವಾಗ ಯಾರು ಲೀಡ್ ಅನ್ನುವುದು ಮೊದಲೇ ತೀರ್ಮಾನ ಆಗಿರುವುದಿಲ್ಲ. ಅವರು ಮಾತಾಡಿಕೊಳ್ಳಬೇಕು. ಒಂದೇ ಲಿಂಗದ ಜೋಡಿಗಳ ಬಾಲ್‌ರೂಮ್ ಸ್ಪರ್ಧೆಗಳಲ್ಲಿ ನೃತ್ಯದ ಮಧ್ಯೆಯೇ ಲೀಡ್ ಬದಲಾಯಿಸಿಕೊಳ್ಳುವವರಿದ್ದಾರೆ. ಆ ಬದಲಾವಣೆಯ ಕ್ಷಣವನ್ನೇ ಇಟ್ಟುಕೊಂಡು ಯೋಚಿಸಿ. ಯಾರು ಬಿಟ್ಟುಕೊಡುತ್ತಾರೆ? ಯಾರಿಗೆ ಬಿಟ್ಟುಕೊಡಲು ಆಗುವುದಿಲ್ಲ? ಮನೆಯೊಳಗೆ ನಡೆಯದ ಮಾತುಕತೆ ಅಲ್ಲಿ ನಡೆಯಬಹುದು.

ಬ್ಯಾಲೆ ಕಲಿತ ಇಬ್ಬರು ಗಂಡಸರಾದರೆ ಇನ್ನೊಂದು ತೊಡಕು, ಒಳ್ಳೆಯ ತೊಡಕು. ಇಬ್ಬರಿಗೂ ಎತ್ತುವ ತರಬೇತಿ ಇದೆ, ಎತ್ತಿಸಿಕೊಳ್ಳುವ ತರಬೇತಿ ಇಲ್ಲ. ತನ್ನ ಭಾರವನ್ನು ಇನ್ನೊಬ್ಬನ ಮೇಲೆ ಬಿಡುವುದು ಇಬ್ಬರಿಗೂ ಹೊಸದು. ಭಾರ ಕೊಡುವುದು, ತೆಗೆದುಕೊಳ್ಳುವುದು ಹೇಗೆ ಅಂತ ನೋಡಬೇಕಾದರೆ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್ ವಿಡಿಯೊ ನೋಡಿ. 1972ರಲ್ಲಿ ಅಮೆರಿಕದ ಡ್ಯಾನ್ಸರ್ ಸ್ಟೀವ್ ಪ್ಯಾಕ್ಸ್‌ಟನ್ ಕಾಲೇಜಿನ ಗಂಡುಹುಡುಗರ ಗುಂಪಿನ ಜೊತೆ ಬೀಳುವುದು, ಡಿಕ್ಕಿ ಹೊಡೆಯುವುದು, ಹಿಡಿಯುವುದರ ಪ್ರಯೋಗ ಮಾಡಿದ್ದರಿಂದ ಬೆಳೆದ ಪದ್ಧತಿ ಅದು. ಅಲ್ಲಿ ಎತ್ತುವವರು, ಎತ್ತಿಸಿಕೊಳ್ಳುವವರು ಅಂತ ಖಾಯಂ ಪಾತ್ರ ಇಲ್ಲ.

ಭರತನಾಟ್ಯದ ಕಥೆಯಾದರೆ ಇನ್ನೂ ಆಳಕ್ಕೆ ಹೋಗಬಹುದು. ಗಂಡಸು ನಾಯಿಕೆಯಾಗಿ ಅಭಿನಯ ಮಾಡುವುದು ಅಲ್ಲಿ ಸಹಜ. ಅಂದರೆ ಒಬ್ಬ ಯುವಕ ಸಾವಿರ ಜನರ ಎದುರು "ಅವನು ಇನ್ನೂ ಬರಲಿಲ್ಲವಲ್ಲ ಸಖಿ" ಅಂತ ಕಣ್ಣಲ್ಲಿ ಹೇಳಬಹುದು, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಅದೇ ಮಾತನ್ನು ಮನೆಯ ಊಟದ ಹೊತ್ತಿಗೆ ಹೇಳಲು ಆಗುವುದಿಲ್ಲ. ಪ್ರೇಮದಲ್ಲಿರುವ ನಾಯಿಕೆಯ ಎಂಟು ಸ್ಥಿತಿಗಳಾದ ಅಷ್ಟನಾಯಿಕೆಯರ ಪಟ್ಟಿ ತೆಗೆದುಕೊಳ್ಳಿ. ದಾರಿ ಕಾಯುವ ವಿರಹೋತ್ಕಂಠಿತೆ, ಬೇರೆಯವಳ ಗುರುತು ಹೊತ್ತು ಬಂದವನ ಮೇಲೆ ಸಿಟ್ಟಾದ ಖಂಡಿತೆ, ಜಗಳವಾಡಿ ಕಳಿಸಿ ಆಮೇಲೆ ನೊಂದುಕೊಳ್ಳುವ ಕಲಹಾಂತರಿತೆ. ನಿಮ್ಮ ನಾಯಕ ಈ ವಾರ ಯಾವ ನಾಯಿಕೆಯನ್ನು ಅಭ್ಯಾಸ ಮಾಡುತ್ತಿದ್ದಾನೆ, ಅವನ ಬದುಕಿನಲ್ಲಿ ಏನು ನಡೆಯುತ್ತಿದೆ? ಎರಡೂ ಒಂದೇ ಆಗಬೇಕಿಲ್ಲ. ಕೋಪವೇ ಬರದವನು ಖಂಡಿತೆಯನ್ನು ಮಾಡಲಾಗದೆ ಒದ್ದಾಡುವುದು ಇನ್ನೂ ಚೆನ್ನಾಗಿರುತ್ತದೆ.

ಕಾಲ ಮತ್ತು ಕಾನೂನು ನೋಡಿಕೊಳ್ಳಿ. ಕಥೆ ಎಲ್ಲಿ, ಯಾವ ವರ್ಷ ಅನ್ನುವುದರ ಮೇಲೆ ಪಾತ್ರಗಳ ಭಯ ಬದಲಾಗುತ್ತದೆ. ಇಂಗ್ಲೆಂಡಿನಲ್ಲಿ 1967ಕ್ಕೆ ಮುಂಚೆ ಇಬ್ಬರು ಗಂಡಸರ ಸಂಬಂಧ ಅಪರಾಧ. ನೆದರ್‌ಲ್ಯಾಂಡ್ಸ್‌ನಲ್ಲಿ 2001ರಿಂದ ಮದುವೆಯೇ ಆಗಬಹುದು. ಭಾರತದಲ್ಲಿ 2018ರ ಸೆಪ್ಟೆಂಬರ್ 6ರ ತೀರ್ಪಿನ ನಂತರ ಅಪರಾಧವಲ್ಲ, ಆದರೆ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮದುವೆಯ ಹಕ್ಕು ಕೊಡಲಿಲ್ಲ. ಸ್ಪರ್ಧೆಗಳಿಗೂ ಹೀಗೇ. ಬ್ರಿಟನ್ನಿನ ಟಿವಿ ಸ್ಪರ್ಧೆ ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್‌ನಲ್ಲಿ ಒಂದೇ ಲಿಂಗದ ಜೋಡಿ ಮೊದಲ ಸಲ ಸ್ಪರ್ಧಿಸಿದ್ದು 2020ರಲ್ಲಿ, ಬಾಕ್ಸರ್ ನಿಕೋಲಾ ಆಡಮ್ಸ್ ಮತ್ತು ವೃತ್ತಿಪರ ಡ್ಯಾನ್ಸರ್ ಕಟ್ಯಾ ಜೋನ್ಸ್. ನಿಮ್ಮ ಕಥೆ 2010ರಲ್ಲಿ ನಡೆದರೆ ಆ ಬಾಗಿಲು ಇನ್ನೂ ತೆರೆದಿಲ್ಲ.

ಇನ್ನೂ ಎರಡು ಎಚ್ಚರಿಕೆ. ಮನೆಯವರಿಗೆ ಗೊತ್ತಾಗುವುದೊಂದೇ ಕಥೆಯ ಘಟನೆ ಆಗಬಾರದು. ಇವರಿಗೂ ಪಾತ್ರ ಸಿಗಬೇಕು, ಮಂಡಿ ನೋವಿದೆ, ಬಾಡಿಗೆ ಕಟ್ಟಬೇಕು, ಹೊಟ್ಟೆಕಿಚ್ಚಿದೆ. ಮತ್ತೆ, ಇಬ್ಬರಲ್ಲಿ ಒಬ್ಬನನ್ನು ಕೊನೆಯಲ್ಲಿ ಸಾಯಿಸಬೇಡಿ. ಗೇ ಪಾತ್ರಗಳು ಸತ್ತು ಮುಗಿಯುವ ಕಥೆ ಓದುಗರು ಸಾಕು ಸಾಕು ಅನ್ನುವಷ್ಟು ಓದಿದ್ದಾರೆ, ತಮ್ಮಂಥವರು ಬದುಕಿ ಉಳಿಯುವುದನ್ನು ಓದುವ ಆಸೆ ಅವರಿಗೂ ಇದೆ.

## ಹಂತ 5: ಸರ್ವನಾಮದ ಗೊಂದಲ ಬಿಡಿಸಿ

"ಅವನು ಅವನ ಕೈ ಹಿಡಿದು ಅವನ ಕಡೆ ನೋಡಿದ." ಯಾರು ಯಾರ ಕೈ ಹಿಡಿದರು? ಒಂದೇ ಲಿಂಗದ ಇಬ್ಬರು ಇರುವ ಪ್ರತಿ ದೃಶ್ಯದಲ್ಲೂ ಈ ಕಾಟ ಇದ್ದದ್ದೇ. ಕೆಲವರು ಇದರಿಂದ ತಪ್ಪಿಸಿಕೊಳ್ಳಲು "ಎತ್ತರದವನು", "ಕಂದು ಕಣ್ಣಿನ ಯುವಕ" ಅಂತ ಶುರು ಮಾಡುತ್ತಾರೆ. ಎರಡು ಪ್ಯಾರಾದಲ್ಲಿ ನಾಲ್ಕು ಜನ ಇದ್ದಾರೇನೋ ಅನ್ನಿಸುತ್ತದೆ.

ಕನ್ನಡದಲ್ಲೇ ದಾರಿ ಇದೆ. ಯಾರ ಮನಸ್ಸಿನೊಳಗೆ ಕೂತು ಕಥೆ ಹೇಳುತ್ತಿದ್ದೀರೋ ಅವನಿಗೆ "ಇವನು", ಎದುರಿನವನಿಗೆ "ಅವನು" ಇಟ್ಟುಕೊಳ್ಳಿ. ಸ್ವಂತದ್ದಕ್ಕೆ "ತನ್ನ" ಬಳಸಿ. "ಇವನು ತನ್ನ ಕೈ ಒರೆಸಿಕೊಂಡು ಅವನ ಸೊಂಟ ಹಿಡಿದ" ಅಂದರೆ ಎಲ್ಲ ಸ್ಪಷ್ಟ. ಇಡೀ ದೃಶ್ಯ ಒಬ್ಬನ ಕಣ್ಣಿಂದಲೇ ಇರಲಿ, ಮಧ್ಯದಲ್ಲಿ ಹಾರಬೇಡಿ. ಉಳಿದ ಕಡೆ ಹೆಸರನ್ನೇ ಧಾರಾಳವಾಗಿ ಬಳಸಿ, ಹೆಸರು ಮತ್ತೆ ಮತ್ತೆ ಬಂತು ಅಂತ ಯಾರೂ ಪುಸ್ತಕ ಮುಚ್ಚುವುದಿಲ್ಲ. ಎರಡು ಹೆಸರು ಬೇರೆ ಬೇರೆ ಅಕ್ಷರದಿಂದ ಶುರುವಾಗಲಿ.

"ನೀವು" ಯಾವಾಗ "ನೀನು" ಆಗುತ್ತದೆ ಅನ್ನುವುದನ್ನೂ ಮೊದಲೇ ತೀರ್ಮಾನ ಮಾಡಿ. ಅದನ್ನು ಒಂದೇ ಸಲ ಖರ್ಚು ಮಾಡಲು ಸಾಧ್ಯ. ಮೊದಲ ಮುತ್ತಿಗಿಂತ ಜಾಸ್ತಿ ಕೆಲಸ ಅದು ಮಾಡುತ್ತದೆ. ಎರಡನೇ ಪುಟದಲ್ಲೇ ಸುಮ್ನೆ ಕಳೆದುಬಿಡಬೇಡಿ.

## ಹಂತ 6: ನೃತ್ಯದ ದೃಶ್ಯ ಬರೆಯುವ ಕ್ರಮ

ಮೊದಲು ಸ್ಟಾಪ್‌ವಾಚ್. ದೃಶ್ಯದ ನೃತ್ಯ ಎಷ್ಟು ನಿಮಿಷದ್ದು ಅಂತ ಬರೆಯಿರಿ. ಎರಡು ನಿಮಿಷದ ನೃತ್ಯದಲ್ಲಿ ಆರು ಪುಟದ ನೆನಪು ಹಿಡಿಸುವುದಿಲ್ಲ.

ಎರಡನೆಯದು, ನೆಲಕ್ಕೆ ಟೇಪ್ ಹಾಕಿ ಇಬ್ಬರೂ ಎಲ್ಲಿ ನಿಲ್ಲುತ್ತಾರೆ ಅಂತ ಗುರುತು ಮಾಡಿ ನೀವೇ ನಡೆದು ನೋಡಿ. ಅವಳು ಬೆನ್ನು ಹಾಕಿದ್ದರೆ ಅವಳಿಗೆ ಅವನ ಮುಖ ಕಾಣುವುದಿಲ್ಲ, ಹಾಗಾದರೆ "ಅವನ ಕಣ್ಣಲ್ಲಿ ನೀರು ನೋಡಿದಳು" ಅಂತ ಬರೆಯಲು ಆಗುವುದಿಲ್ಲ. ಕನ್ನಡಿ ಇರುವ ಕೋಣೆಯಾದರೆ ಕಾಣಬಹುದು. ವೇದಿಕೆಯಲ್ಲಿ ಕನ್ನಡಿ ಇಲ್ಲ. ತಿಂಗಳುಗಟ್ಟಲೆ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡುತ್ತಿದ್ದವರು ವೇದಿಕೆಗೆ ಬಂದಾಗ ಆ ದಾರಿ ಮುಚ್ಚಿಹೋಗುತ್ತದೆ, ಇದನ್ನು ಬಳಸಿಕೊಳ್ಳಿ.

ಮೂರನೆಯದು, ದೃಶ್ಯಕ್ಕೆ ಒಂದೇ ಪ್ರಶ್ನೆ ಇಡಿ. ಅವಳು ಕೈ ಕೊಡುತ್ತಾಳಾ? ಅವನು ಬೀಳಿಸುತ್ತಾನಾ? ನಿನ್ನೆಯ ಮಾತಿಗೆ ಕ್ಷಮೆ ಸಿಕ್ಕಿತಾ? ಆ ಪ್ರಶ್ನೆಗೆ ಸಂಬಂಧ ಇರುವ ಚಲನೆ ಮೂರು ನಾಲ್ಕು ಮಾತ್ರ ಬರೆಯಿರಿ. ಉಳಿದ ಹೆಜ್ಜೆಗಳು ಬೇಡ. ಹೆಜ್ಜೆ ಹೆಜ್ಜೆಯನ್ನೂ ವಿವರಿಸಿದರೆ ಅದು ಪಾಠದ ಪುಸ್ತಕ ಆಗುತ್ತದೆ.

ನಾಲ್ಕನೆಯದು, ಉಸಿರು. ಜೋರಾದ ಭಾಗ ಮುಗಿಸಿದವರು ಉದ್ದುದ್ದ ಸಂಭಾಷಣೆ ಹೇಳುವುದಿಲ್ಲ. ಒಂದು ಪದ, ಒಂದು ಉಸಿರು, ಇನ್ನೊಂದು ಪದ.

ಎತ್ತುವ ದೃಶ್ಯವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಬರುವುದು ಹೀಗೆ:

"ಸಮೀರ್ ಅರುಣ್‌ನನ್ನು ಹೂವಿನಂತೆ ಎತ್ತಿದ. ಇಬ್ಬರ ಕಣ್ಣುಗಳು ಒಂದಾದವು. ಕಾಲ ನಿಂತುಹೋಯಿತು."

ಒಬ್ಬರನ್ನು ಎತ್ತುವಾಗ ನಿಜವಾಗಿ ಏನಾಗುತ್ತದೆ ಅಂತ ನೋಡಿ. ಎತ್ತುವವನು ಮಂಡಿ ಬಗ್ಗಿಸುತ್ತಾನೆ. ಮೇಲೆ ಹೋಗುವವನೂ ಅದೇ ಎಣಿಕೆಯಲ್ಲಿ ಬಗ್ಗಿ ತಾನೇ ಹಾರಬೇಕು. ಹಾರದಿದ್ದರೆ ಅದು ಬರೀ ಹೊರೆ. ಮೇಲೆ ಹೋದಮೇಲೆ ಹೊಟ್ಟೆ, ಬೆನ್ನು ಬಿಗಿಯಾಗಿ ಹಿಡಿದಿರಬೇಕು. ಹೆದರಿ ಎತ್ತುವವನ ಕೈ ಹಿಡಿದುಕೊಂಡರೆ ತೂಕ ತಪ್ಪಿ ಇಬ್ಬರೂ ವಾಲುತ್ತಾರೆ. ಈಗ ಇದನ್ನೇ ಇಟ್ಟುಕೊಂಡು:

"ಅರುಣ್ ಇದುವರೆಗೆ ಎತ್ತಿದ್ದೇ ಹೊರತು ಯಾರ ಕೈಯಲ್ಲೂ ಎತ್ತಿಸಿಕೊಂಡಿರಲಿಲ್ಲ. ಸಮೀರ್ ಅವನ ಸೊಂಟಕ್ಕೆ ಕೈ ಕೊಟ್ಟು ಮಂಡಿ ಬಗ್ಗಿಸಿದ.

'ನೀವು ಹಾರಬೇಕು. ನಾನೊಬ್ಬನೇ ಎತ್ತೋಕಾಗಲ್ಲ.'

'ಹಾರಿದೆನಲ್ಲ.'

'ಇಲ್ಲ. ಹಿಮ್ಮಡಿ ನೆಲದಲ್ಲೇ ಇತ್ತು.'

ಮತ್ತೆ. ಈ ಸಲ ಅರುಣ್ ಹಾರಿದ. ಮೇಲೆ ಹೋದವನೇ ಸಮೀರ್‌ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಇಬ್ಬರೂ ವಾಲಿದರು.

'ಬೀಳಿಸಲ್ಲ,' ಅಂದ ಸಮೀರ್, ಹಲ್ಲು ಕಚ್ಚಿಕೊಂಡು. 'ಕೈ ಬಿಡು.'

ಎರಡು ತಿಂಗಳಿಂದ 'ಬಿಡಿ' ಅನ್ನುತ್ತಿದ್ದವನು. ಅರುಣ್ ಕೈ ಬಿಟ್ಟ."

ಇಲ್ಲಿ ಹೋಲಿಕೆ ಒಂದೂ ಇಲ್ಲ. ಕಣ್ಣು ಒಂದಾಗಲೂ ಇಲ್ಲ, ಆ ಭಂಗಿಯಲ್ಲಿ ಅವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುವುದೇ ಇಲ್ಲ. ಆದರೂ ಶುರುವಿನಲ್ಲಿ ಇದ್ದ ಅಂತರ ಕೊನೆಗೆ ಇಲ್ಲ. ನಿಮ್ಮ ದೃಶ್ಯದಲ್ಲೂ ಇಂಥ ಒಂದು ತಾಂತ್ರಿಕ ಅಡಚಣೆ ಹುಡುಕಿ, ಅದಕ್ಕೆ ಪರಿಹಾರ ಮೈಯಲ್ಲಿ ಇರಬಾರದು, ನಂಬಿಕೆಯಲ್ಲಿ ಇರಬೇಕು.

ಹಾಡಿನ ಬಗ್ಗೆ ಒಂದು ಮಾತು. ಇರುವ ಸಿನಿಮಾ ಹಾಡಿನ ಸಾಲುಗಳನ್ನು ಎತ್ತಿ ಹಾಕಬೇಡಿ. ಹಕ್ಕುಸ್ವಾಮ್ಯದ ತೊಂದರೆ ಒಂದು ಕಡೆ, ಆ ಹಾಡಿನ ಭಾವನೆಯನ್ನು ಸಾಲ ತಂದು ನಿಮ್ಮ ದೃಶ್ಯದ ಬಡತನ ಮುಚ್ಚಿದ ಹಾಗೆ ಆಗುವುದು ಇನ್ನೊಂದು ಕಡೆ. ತಾಳ, ವೇಗ, ಯಾವ ವಾದ್ಯ ಅಂತ ಹೇಳಿ ಸಾಕು.

## ಹಂತ 7: ಗಾಯವನ್ನು ಸರಿಯಾಗಿ ಬಳಸಿ

ಕಥೆ ಮುಂದೆ ಹೋಗದೆ ಇದ್ದಾಗ ಎಲ್ಲರೂ ಕಾಲು ಮುರಿಸುತ್ತಾರೆ. ಆಮೇಲೆ ಹತ್ತು ದಿನದಲ್ಲಿ ಪಾತ್ರ ಎದ್ದು ಫೈನಲ್‌ನಲ್ಲಿ ಕುಣಿಯುತ್ತದೆ. ಹಾಗಾಗುವುದಿಲ್ಲ. ಪಾದದ ಮೂಳೆಯಲ್ಲಿ ಒತ್ತಡದಿಂದ ಬಿರುಕು ಬಂದರೆ ಸಾಮಾನ್ಯವಾಗಿ 6ರಿಂದ 8 ವಾರ ವಿಶ್ರಾಂತಿ. ಮಂಡಿಯೊಳಗಿನ ಎಸಿಎಲ್ ಅನ್ನುವ ಅಸ್ಥಿಬಂಧ ಹರಿದು ಶಸ್ತ್ರಚಿಕಿತ್ಸೆ ಆದರೆ ಪೂರ್ತಿ ಕುಣಿಯಲು 9 ತಿಂಗಳು, ಕೆಲವೊಮ್ಮೆ ವರ್ಷ. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಹರಿದಾಗ ಹಿಂದಿನಿಂದ ಯಾರೋ ಒದ್ದ ಹಾಗೆ ಅನ್ನಿಸುತ್ತದೆ, ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಅದರಿಂದ ವಾಪಸ್ ಬರಲೂ ತಿಂಗಳುಗಟ್ಟಲೆ ಬೇಕು.

ದೊಡ್ಡ ಅಪಘಾತಕ್ಕಿಂತ ಮುಚ್ಚಿಟ್ಟ ನೋವು ಕಥೆಗೆ ಒಳ್ಳೆಯದು. ಪಾತ್ರ ಕೈತಪ್ಪುತ್ತದೆ ಅನ್ನುವ ಭಯಕ್ಕೆ ಡ್ಯಾನ್ಸರ್ ಹೇಳಿಕೊಳ್ಳುವುದಿಲ್ಲ. ಜೊತೆಗಾರನಿಗೆ ಮಾತ್ರ ಗೊತ್ತಾಗುತ್ತದೆ, ಯಾಕೆಂದರೆ ನೆಲಕ್ಕೆ ಇಳಿಯುವಾಗ ಅವಳು ತೂಕವನ್ನು ಗುಟ್ಟಾಗಿ ಬಲಗಾಲಿಗೆ ದಾಟಿಸುತ್ತಿದ್ದಾಳೆ. ಅವನು ಈಗ ಹೇಳಬೇಕಾ, ಸುಮ್ಮನಿರಬೇಕಾ? ಹೇಳಿದರೆ ಅವಳ ಪಾತ್ರ ಹೋಗುತ್ತದೆ. ಸುಮ್ಮನಿದ್ದರೆ ಅವಳ ಕಾಲು ಹೋಗಬಹುದು. ಇಂಥ ಕಡೆ ಪ್ರೀತಿ ಏನು ಮಾಡಬೇಕು ಅಂತ ಸುಲಭದಲ್ಲಿ ಹೇಳಲು ಬರುವುದಿಲ್ಲ, ಅದಕ್ಕೇ ಅದು ದೃಶ್ಯ.

## ಹಂತ 8: ಯಾರ ಕೈಯಲ್ಲಿ ಅಧಿಕಾರ ಇದೆ ಅಂತ ಕೇಳಿಕೊಳ್ಳಿ

ಗುರು, ನೃತ್ಯ ಸಂಯೋಜಕ, ಕಂಪನಿಯ ನಿರ್ದೇಶಕ, ಇವರ ಜೊತೆ ಪ್ರೇಮ ಬರೆಯುವವರು ಬಹಳ. ಪ್ರೇಮಿಗಳು ಇಬ್ಬರೂ ವಯಸ್ಕರಾಗಿರಬೇಕು, ಇದರಲ್ಲಿ ಚೌಕಾಶಿ ಇಲ್ಲ. ಕಲಿಯುವ ಮಕ್ಕಳನ್ನು ಈ ದಾರಿಗೆ ತರಲೇಬೇಡಿ.

ವಯಸ್ಕರಾದರೂ ಒಬ್ಬರು ಪಾತ್ರ ಕೊಡುವವರು, ಒಬ್ಬರು ಪಡೆಯುವವರು ಆದರೆ "ಬೇಡ" ಅನ್ನುವುದಕ್ಕೆ ಬೆಲೆ ಏನು ಅಂತ ಕಥೆ ಹೇಳಲೇಬೇಕು. ಇದು ಊಹೆಯ ಮಾತಲ್ಲ. ಬ್ಯಾಲೆ ರೂಸ್ ಕಂಪನಿ ನಡೆಸುತ್ತಿದ್ದ ದಿಯಾಗಿಲೆವ್ ತನ್ನ ಕಂಪನಿಯ ತಾರೆ ನಿಜಿನ್‌ಸ್ಕಿಗೆ ಪ್ರೇಮಿಯೂ ಹೌದು, ಯಜಮಾನನೂ ಹೌದು. 1913ರಲ್ಲಿ ನಿಜಿನ್‌ಸ್ಕಿ ಮದುವೆಯಾದ. ಕಂಪನಿಯಿಂದ ಅವನನ್ನು ತೆಗೆದುಹಾಕಲಾಯಿತು. ಪ್ರೀತಿ ಹೋದ ದಿನವೇ ವೇದಿಕೆಯೂ ಹೋಗುವ ಹಾಗಿದ್ದರೆ ಆ ಪ್ರೀತಿ ಎಷ್ಟು ಸ್ವತಂತ್ರವಾಗಿತ್ತು ಅಂತ ಓದುಗರು ಕೇಳುತ್ತಾರೆ. ನೀವು ಮೊದಲೇ ಕೇಳಿಕೊಂಡಿರಿ.

ಅಪಾಯದ ಗುರುತು: ಗದರುವ, ಅವಮಾನ ಮಾಡುವ ಗುರುವಿನ ನಡತೆಯನ್ನು "ಒಳಗೆ ಬೆಟ್ಟದಷ್ಟು ಪ್ರೀತಿ ಇತ್ತು" ಅಂತ ಕೊನೆಯಲ್ಲಿ ಸಮರ್ಥನೆ ಮಾಡಬೇಕು ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಕಥೆ ಹಿಂದೆಲ್ಲೋ ತಪ್ಪಿದೆ.

## ಹಂತ 9: ಕೊನೆ

ಕೊನೆಯ ಪ್ರದರ್ಶನದಲ್ಲಿ ಗೆಲುವು ಮತ್ತು ಪ್ರೇಮ ಎರಡೂ ಒಂದೇ ಕ್ಷಣದಲ್ಲಿ ಸಿಕ್ಕಿದರೆ ಎರಡೂ ಹಗುರವಾಗುತ್ತವೆ. ಬೇರೆ ಮಾಡಿ. ಸ್ಪರ್ಧೆ ಸೋತು ಜೊತೆಗೆ ಉಳಿಯಬಹುದು. ಅದ್ಭುತವಾಗಿ ಕುಣಿದು, ಇನ್ನು ಒಟ್ಟಿಗೆ ಕುಣಿಯುವುದು ಬೇಡ ಅಂತ ಇಬ್ಬರೂ ಒಪ್ಪಬಹುದು, ಪ್ರೀತಿ ಉಳಿಸಿಕೊಳ್ಳಲು. ವೇದಿಕೆ ಮೇಲೆ ಎಲ್ಲರೆದುರು ಪ್ರೀತಿ ಘೋಷಿಸುವುದು, ಅದರಲ್ಲೂ ಗೇ ಕಥೆಯಲ್ಲಿ ಒಬ್ಬನ ಒಪ್ಪಿಗೆ ಇಲ್ಲದೆ ಇನ್ನೊಬ್ಬ ಘೋಷಿಸುವುದು, ರೋಮಾಂಚನ ಅಲ್ಲ, ದ್ರೋಹ. ಅದನ್ನು ದ್ರೋಹ ಅಂತಲೇ ಬರೆಯುವ ಹಾಗಿದ್ದರೆ ಮಾತ್ರ ಇಡಿ.

## ಹಂತ 10: ತಿದ್ದುವುದು

ಎಲ್ಲ ಒಟ್ಟಿಗೆ ತಿದ್ದಲು ಹೋಗಬೇಡಿ. ಮೊದಲ ಸುತ್ತಿನಲ್ಲಿ ನೃತ್ಯದ ದೃಶ್ಯಗಳನ್ನು ಮಾತ್ರ ಓದಿ, ಪ್ರತಿಯೊಂದರ ಪಕ್ಕದಲ್ಲಿ "ಏನು ಬದಲಾಯಿತು?" ಅಂತ ಒಂದು ಸಾಲು ಬರೆಯಿರಿ. ಬರೆಯಲು ಆಗದ ದೃಶ್ಯವನ್ನು ತೆಗೆಯಿರಿ, ಇಲ್ಲ ಪಕ್ಕದ ದೃಶ್ಯಕ್ಕೆ ಸೇರಿಸಿ. ಎರಡನೇ ಸುತ್ತಿನಲ್ಲಿ "ಅಂತೆ", "ಹಾಗೆ", "ತರಹ" ಬಂದ ಕಡೆಯೆಲ್ಲ ಗೆರೆ ಹಾಕಿ. ಒಂದು ದೃಶ್ಯದಲ್ಲಿ ಮೂರು ಹೋಲಿಕೆ ಇದ್ದರೆ ಏನು ನಡೆಯುತ್ತಿದೆ ಅಂತ ನಿಮಗೇ ಕಾಣುತ್ತಿಲ್ಲ ಅಂತ ಅರ್ಥ, ವಿಡಿಯೊಗೆ ವಾಪಸ್ ಹೋಗಿ. ಮೂರನೇ ಸುತ್ತು ಜೋರಾಗಿ ಓದುವುದು. ವೇಗದ ನೃತ್ಯದ ಜಾಗದಲ್ಲಿ ನಿಮ್ಮ ನಾಲಿಗೆ ತೊಡರಿದರೆ ವಾಕ್ಯ ಒಡೆಯಿರಿ.

ಆಮೇಲೆ ಇಬ್ಬರಿಗೆ ಓದಲು ಕೊಡಿ. ಆ ಪ್ರಕಾರ ಕಲಿತ ಒಬ್ಬರು, ಗೇ ಪ್ರೇಮಕಥೆಯಾದರೆ ಅದನ್ನು ಬದುಕಿ ಗೊತ್ತಿರುವ ಒಬ್ಬರು. "ಹೇಗಿದೆ?" ಅಂತ ಕೇಳಬೇಡಿ, "ಚೆನ್ನಾಗಿದೆ" ಅಂತ ಬರುತ್ತದೆ. ಡ್ಯಾನ್ಸರ್‌ಗೆ ಕೇಳಬೇಕಾದದ್ದು ಇದು: ಯಾವ ಸಾಲು ಓದುವಾಗ ನಿಮ್ಮ ಮೈ "ಹೀಗಾಗಲ್ಲ" ಅಂತು? ಇನ್ನೊಬ್ಬರಿಗೆ: ಯಾವ ಜಾಗದಲ್ಲಿ ಇವರು ನಿಮ್ಮ ಪರಿಚಯದವರ ಹಾಗೆ ಇರಲಿಲ್ಲ? ಅವರು ಉತ್ತರ ಕೊಡುವಾಗ ಸಮಜಾಯಿಷಿ ಕೊಡದೆ ಬರೆದುಕೊಳ್ಳಿ. ಇಬ್ಬರೂ ಒಂದೇ ಪುಟಕ್ಕೆ ಬೆರಳಿಟ್ಟರೆ ಆ ಪುಟ ತಿದ್ದಬೇಡಿ, ಟೇಪ್ ತೆಗೆದುಕೊಂಡು ಮತ್ತೆ ನೆಲದಿಂದ ಶುರು ಮಾಡಿ ಹೊಸದಾಗಿ ಬರೆಯಿರಿ.